ಡ್ರಾಕುಲಾ ಮೊದಲ ಸಲ ಓದುವಾಗ ಐದನೇ ಅಧ್ಯಾಯದಲ್ಲಿ ಕಥೆ ಕೈತಪ್ಪುವುದೇಕೆ?

ತಾರೀಖು ಹಿಂದಕ್ಕೆ ಹೋಗುವುದರಿಂದ. ಬ್ರಾಮ್ ಸ್ಟೋಕರ್‌ನ ಈ ಕಾದಂಬರಿ (1897) ಒಟ್ಟು 27 ಅಧ್ಯಾಯ. ಮೊದಲ ನಾಲ್ಕು ಇಂಗ್ಲೆಂಡಿನ ಯುವ ವಕೀಲ ಜೋನಾಥನ್ ಹಾರ್ಕರ್‌ನ ದಿನಚರಿ, ಮೇ 3ರಿಂದ ಜೂನ್ 30ರವರೆಗೆ. ಅವನು ರಕ್ತ ಹೀರುವ ಕೌಂಟ್ ಡ್ರಾಕುಲಾನ ಕೋಟೆಯಲ್ಲಿ ಸಿಕ್ಕಿಬಿದ್ದಿರುವಾಗಲೇ ಐದನೆಯದು ಮೇ 9ರ ಪತ್ರದಿಂದ ಶುರುವಾಗುತ್ತದೆ: ಇಂಗ್ಲೆಂಡಿನ ಇಬ್ಬರು ಗೆಳತಿಯರಾದ ಮೀನಾ, ಲೂಸಿಯರ ಮದುವೆ ಮಾತು. ಅನೇಕರು ಬೇಸತ್ತು ಪುಸ್ತಕ ಮುಚ್ಚುವುದು ಇಲ್ಲೇ. ದಯವಿಟ್ಟು ಮುಚ್ಚಬೇಡಿ. ಪ್ರತಿ ಬರಹದ ತಲೆಯಲ್ಲಿರುವ ಹೆಸರು, ತಾರೀಖು ನೋಡಿಕೊಂಡೇ ಮುಂದೆ ಹೋಗಿ. ಅದನ್ನು ಹಾರಿಸಿದರೆ ಯಾರಿಗೆ ಯಾವಾಗ ಏನು ಗೊತ್ತಿತ್ತೆಂಬುದೇ ತಪ್ಪಿಹೋಗುತ್ತದೆ.

ಭಯ ಇರುವುದೂ ಅಲ್ಲೇ. ಎಂಟನೇ ಅಧ್ಯಾಯದಲ್ಲಿ ಲೂಸಿಯ ಕುತ್ತಿಗೆಯ ಮೇಲೆ ಎರಡು ಕೆಂಪು ಚುಕ್ಕೆ, ಅಂಗಿಯ ಅಂಚಿನಲ್ಲಿ ಒಂದು ಹನಿ ರಕ್ತ. ಶಾಲಿಗೆ ಪಿನ್ನು ಹಾಕುವಾಗ ತಾನೇ ಚುಚ್ಚಿಬಿಟ್ಟೆ ಎಂದು ಮೀನಾ ನೊಂದುಕೊಂಡು ಬರೆಯುತ್ತಾಳೆ. ಹಾರ್ಕರ್‌ನ ದಿನಚರಿ ಓದಿರುವ ನಮಗೆ ಮಾತ್ರ ಅದು ಪಿನ್ನಲ್ಲವೆಂದು ಗೊತ್ತು! ಕೌಂಟ್‌ನ ದಿನಚರಿ ಎಲ್ಲೂ ಇಲ್ಲ. ಅವನನ್ನು ಕಾಣುವುದು ಬೇರೆಯವರ ಕಣ್ಣಿಂದಲೇ.

ಆರನೇ ಅಧ್ಯಾಯದಲ್ಲಿ ಇಂಗ್ಲೆಂಡಿನ ಕರಾವಳಿ ಊರು ವಿಟ್ಬಿಯ ಮುದುಕನ ಆಡುಮಾತು ಮೂಲ ಇಂಗ್ಲಿಷಿನಲ್ಲಿ ಬಲು ಕಠಿಣ. ಸಾರಾಂಶ ಹಿಡಿದರೆ ಸಾಕು, ಪದಪದವೂ ಬೇಡ. ಹದಿನೇಳನೆಯದರಲ್ಲಿ ಮೀನಾ ಎಲ್ಲ ದಾಖಲೆಗಳನ್ನೂ ಟೈಪ್ ಮಾಡಿ ತಾರೀಖಿನಂತೆ ಜೋಡಿಸುತ್ತಾಳೆ.