ಉಂಡದ್ದು ರಾತ್ರಿ ಎಂಟಕ್ಕೆ, ಏರಿದ್ದು ಬೆಳಗ್ಗೆ

ಪ್ರಶ್ನೆ: ಡಾಕ್ಟರೇ, ನನಗೆ 58 ವರ್ಷ, ಮಧುಮೇಹಕ್ಕೆ ಮಾತ್ರೆ ನುಂಗುತ್ತೇನೆ. ರಾತ್ರಿ ಎಂಟಕ್ಕೆ ಅರ್ಧ ಮುದ್ದೆ, ಸೊಪ್ಪಿನ ಸಾರು, ಅಷ್ಟೇ. ಹತ್ತಕ್ಕೆ ನೋಡಿದರೆ ಸಕ್ಕರೆ 138. ಬೆಳಗ್ಗೆ ಆರಕ್ಕೆ, ಕಾಫಿಯನ್ನೂ ಮುಟ್ಟುವ ಮೊದಲೇ 184! ‘ನಡುರಾತ್ರಿ ಬೆಲ್ಲದ ಡಬ್ಬಕ್ಕೆ ಕೈ ಹಾಕಿದೆಯಾ ಅಮ್ಮ?’ ಎಂದು ಮಗ ನಗುತ್ತಾನೆ. ತಿನ್ನದ ಸಕ್ಕರೆ ಎಲ್ಲಿಂದ ಬಂತು?
– ಓದುಗರು, ತಿಪಟೂರು

ಉತ್ತರ: ಡಬ್ಬ ತೆರೆದದ್ದು ನೀವಲ್ಲ ತಾಯಿ, ನಿಮ್ಮ ಲಿವರ್. ನಸುಕಿನ ಮೂರರಿಂದ ಎಂಟರ ನಡುವೆ ದೇಹ ಏಳಲು ಸಿದ್ಧವಾಗುವಾಗ ಕಾರ್ಟಿಸಾಲ್ ಎಂಬ ಹಾರ್ಮೋನು, ಬೆಳವಣಿಗೆಯ ಹಾರ್ಮೋನು ಮೊದಲಾದವು ಹೆಚ್ಚುತ್ತವೆ. ಆಗ ಲಿವರ್ ಕೂಡಿಟ್ಟ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ನಿಮ್ಮ ಮಗನಲ್ಲೂ ಹೀಗೇ ಆಗುತ್ತದೆ. ಅವನ ಇನ್ಸುಲಿನ್ ಅದನ್ನು ಹದ್ದಿನಲ್ಲಿಡುತ್ತದೆ, ನಿಮ್ಮದಕ್ಕೆ ಅಷ್ಟು ಶಕ್ತಿಯಿಲ್ಲ.

ಇದಕ್ಕೆ ಹೆದರಿ ರಾತ್ರಿಯ ಊಟ ಬಿಡಬೇಡಿ, ಮಾತ್ರೆಯನ್ನು ನೀವೇ ಹೆಚ್ಚಿಸಲೂಬೇಡಿ. ಮೂರು ದಿನ ಅಲಾರಂ ಇಟ್ಟು ನಸುಕಿನ ಮೂರಕ್ಕೊಮ್ಮೆ ಬೆರಳು ಚುಚ್ಚಿ ನೋಡಿ. ಆಗಲೂ 130ರ ಆಸುಪಾಸಿದ್ದು ಆಮೇಲೆ ಏರಿದರೆ ಕಾರಣ ನಸುಕಿನದೇ. ಮಲಗಿದಾಗಿನಿಂದಲೇ ಏರುತ್ತಿದ್ದರೆ ಊಟವನ್ನೋ ಮಾತ್ರೆಯ ಹೊತ್ತನ್ನೋ ನೋಡಬೇಕು. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ, ಬೆಳಗಾಗುತ್ತಲೇ ವೈದ್ಯರಿಗೆ ತಿಳಿಸಿ. ಬೆವರಿ ಕುಪ್ಪಸ ಒದ್ದೆಯಾಗಿ ಎಚ್ಚರವಾಗುವುದೂ ಸಕ್ಕರೆ ಹೀಗೆ ಇಳಿದಿರುವುದರ ಸೂಚನೆಯೇ.

ಚುಚ್ಚುವ ಮೊದಲು ಕೈ ತೊಳೆದು ಒರೆಸಿಕೊಳ್ಳಿ. ನನ್ನ ಬಳಿ ಒಬ್ಬರು ಮಾವಿನಹಣ್ಣು ಹೆಚ್ಚಿದ ಕೈಯಲ್ಲೇ ಪರೀಕ್ಷಿಸಿಕೊಂಡು, ‘312 ಡಾಕ್ಟರೇ!’ ಎಂದು ಚಪ್ಪಲಿ ಮರೆತು ಓಡಿ ಬಂದಿದ್ದರು.