ಕ್ಯಾಸೆಟ್ಟಿನ ಪಾರಿಜಾತದ ಹಾಡನ್ನು ಕಂಪ್ಯೂಟರ್ ತಾನಾಗಿಯೇ ಸ್ವರಲಿಪಿ ಮಾಡಿಕೊಡುತ್ತದೆಯೇ?

ಅಜ್ಜನ ಕಾಲದ ಕ್ಯಾಸೆಟ್ಟಿನಲ್ಲಿದ್ದ, ಉತ್ತರ ಕರ್ನಾಟಕದ ಬಯಲಾಟವಾದ ಶ್ರೀಕೃಷ್ಣ ಪಾರಿಜಾತದ ಹಾಡುಗಳನ್ನು ಎಂಪಿ3 ಮಾಡಿಟ್ಟುಕೊಂಡಿರುವ ತಾವು, ಅವನ್ನು ಮಿಡಿ ಫೈಲಿಗೆ ಬದಲಾಯಿಸಿದರೆ ಸ್ವರಲಿಪಿ ಸಿಕ್ಕಂತಾಯಿತೇ ಎಂದು ಕೇಳಿದ್ದೀರಿ. ಅರ್ಧದಷ್ಟು ಸಿಗುತ್ತದೆ, ಉಳಿದರ್ಧಕ್ಕೆ ಹಾರ್ಮೋನಿಯಂ ಮುಂದಿಟ್ಟುಕೊಂಡು ಕೂಡ್ರಲೇಬೇಕು. ಬೆಳಗಾವಿಯಲ್ಲಿ ಮಕ್ಕಳಿಗೆ ಹಾರ್ಮೋನಿಯಂ ಕಲಿಸುವ ನಾನು ಗೋಕಾಕ ಸೀಮೆಯ ಇಂಥವೇ ಧ್ವನಿಮುದ್ರಣಗಳೊಂದಿಗೆ ಎರಡು ವರ್ಷಗಳಿಂದ ಗುದ್ದಾಡುತ್ತಿದ್ದೇನೆ.

ಎಂಪಿ3ಯಲ್ಲಿರುವುದು ಶಬ್ದ. 1983ರಲ್ಲಿ ಬಳಕೆಗೆ ಬಂದ ಮಿಡಿಯಲ್ಲಿ ಶಬ್ದವೇ ಇಲ್ಲ. ಕೀಬೋರ್ಡಿನ ಯಾವ ಮನೆಯನ್ನು ಯಾವಾಗ, ಎಷ್ಟು ಜೋರಾಗಿ ಒತ್ತಬೇಕು, ಯಾವಾಗ ಬಿಡಬೇಕು ಎಂಬ ಸೂಚನೆಗಳಷ್ಟೇ ಇವೆ. ಆದ್ದರಿಂದ ಇದು ಫೈಲಿನ ರೂಪ ಬದಲಿಸುವ ಕೆಲಸವಲ್ಲ, ಹಾಡನ್ನು ಕೇಳಿ ಊಹಿಸುವ ಕೆಲಸ.

ನಾನು ಮೊದಲು ಎಡವಿದ್ದು ಕ್ಯಾಸೆಟ್ಟಿನ ವೇಗದಲ್ಲಿ. ಟೇಪು ಶೇ. 3ರಷ್ಟು ಜೋರಾಗಿ ಓಡಿದರೂ ಶ್ರುತಿ ಸುಮಾರು ಅರ್ಧ ಮನೆ ಮೇಲೇರುತ್ತದೆ; ಆಗ ಆಧಾರ ಸ್ವರವಾದ ಷಡ್ಜವೇ (ಸ) ಎರಡು ಮನೆಗಳ ನಡುವಿನ ಸಂದಿಗೆ ಬೀಳುವುದರಿಂದ, ಸ್ವರ ಗುರುತಿಸುವ ತಂತ್ರಾಂಶವು ಒಂದೇ ಸ್ವರವನ್ನು ಒಮ್ಮೆ ಎರಡನೆಯ ಕರಿ ಮನೆಯೆಂದೂ ಮರುಕ್ಷಣವೇ ಪಕ್ಕದ ಬಿಳಿ ಮನೆಯೆಂದೂ ಬರೆಯುತ್ತ ಹೋಗುತ್ತದೆ. ಹಾಗಾಗಿ ಮೊದಲು ಧ್ವನಿ ತಿದ್ದುವ ತಂತ್ರಾಂಶವಾದ ಆಡಾಸಿಟಿಯಲ್ಲಿ ವೇಗವನ್ನು ಸರಿಪಡಿಸಿರಿ. ಶ್ರುತಿಯನ್ನಷ್ಟೇ ಬದಲಿಸುವ ಆಯ್ಕೆ ಬೇಡ, ಏಕೆಂದರೆ ಟೇಪಿನಲ್ಲಿ ಶ್ರುತಿಯೂ ಲಯವೂ ಕೂಡಿಯೇ ಕೆಟ್ಟಿರುತ್ತವೆ.

ಅನಂತರ ಹಾಡುವ ದನಿಯನ್ನು ವಾದ್ಯಗಳಿಂದ ಬೇರ್ಪಡಿಸಬೇಕು. ಉಚಿತವಾಗಿ ಸಿಗುವ ಡೆಮಕ್ಸ್ ಎಂಬ ತಂತ್ರಾಂಶ ಇದಕ್ಕೆ ಸಾಕು. ಈ ಹಂತವನ್ನು ಬಿಟ್ಟು ಇಡೀ ಹಾಡನ್ನೇ, ಶಬ್ದವನ್ನು ಮಿಡಿಗೆ ಇಳಿಸುವ ಬೇಸಿಕ್ ಪಿಚ್‌ಗೆ ಕೊಟ್ಟಾಗ ನನಗೆ ಬಂದ ಫಲ ವಿಚಿತ್ರವಾಗಿತ್ತು: ತಬಲಾದ ಡಗ್ಗಾದ ಗುಮುಕಿ ಕೆಳಸಪ್ತಕದ ಸ್ವರಗಳಾಗಿ ಕೂತಿತ್ತು, ಅಷ್ಟೇ ಅಲ್ಲದೆ ವಾದ್ಯದಲ್ಲಿ ಜೊತೆಗೂಡಿ ಸಾಥ್ ಕೊಡುವವರು ಹಾಡುಗಾರ್ತಿಯ ಬೆನ್ನಿಗೇ ಒಂದು ಗಳಿಗೆ ತಡವಾಗಿ ನುಡಿಸುವುದರಿಂದ ಪ್ರತಿ ಸ್ವರವೂ ಎರಡೆರಡು ಸಲ ಬಂದಿತ್ತು. (ಸಾಥಿನ ಸೊಗಸೇ ಅದು, ಆದರೆ ಯಂತ್ರಕ್ಕೆ ಅದು ತಿಳಿಯುವುದಿಲ್ಲ.) ಬೇರ್ಪಡಿಸಿದ ಮೇಲೂ ಹಿಮ್ಮೇಳದವರ ದನಿ ಉಳಿದೇ ಇರುತ್ತದೆ, ಅವರು ಎತ್ತಿಕೊಂಡ ಸಾಲುಗಳನ್ನು ಕತ್ತರಿಸಿ ಪಕ್ಕಕ್ಕಿಡುವುದೇ ವಾಸಿ.

ನಿಜವಾದ ತೊಡಕು ಮೀಂಡಿನದು, ಎಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ದನಿ ಜಾರುವುದರದು. ಗಾಂಧಾರದಿಂದ ಪಂಚಮಕ್ಕೆ ದನಿ ಜಾರಿಕೊಂಡು ಹೋದರೆ ಮಿಡಿಯಲ್ಲಿ ಅದು ಗ, ಮ, ತೀವ್ರ ಮ, ಪ ಎಂಬ ಏಣಿಯಾಗುತ್ತದೆ, ಹಾಡಿನವರು ತೀವ್ರ ಮಧ್ಯಮದಲ್ಲಿ ಒಂದು ಕ್ಷಣವೂ ನಿಂತಿರುವುದಿಲ್ಲ. ಭೀಮಪಲಾಸಿ ರಾಗದ ಗಾಂಧಾರವನ್ನು ಮಧ್ಯಮ ಸೋಕಿಸಿ ಹಾಡಿದ್ದ ಒಂದು ಸಾಲಿನಲ್ಲಿ ಮೂರು ಸ್ವರಗಳ ಜಾಗದಲ್ಲಿ ನನಗೆ ಹನ್ನೊಂದು ಸಿಕ್ಕಿದ್ದವು. ಮಿಡಿಯಲ್ಲಿ ಜಾರಿಕೆಯನ್ನು ದಾಖಲಿಸುವ ಪಿಚ್ ಬೆಂಡ್ ಇದೆ, ಆದರೆ ಸ್ವರಲಿಪಿ ಬರೆಯುವ ತಂತ್ರಾಂಶವಾದ ಮ್ಯೂಸ್‌ಸ್ಕೋರಿನಲ್ಲಿ ತೆರೆದಾಗ ಆ ಜಾರಿಕೆ ಕಾಗದದ ಮೇಲೆ ಕಾಣುವುದಿಲ್ಲ. ಅದಕ್ಕೇ ನಾನು ಈಗ ಒಂಟಿ ದನಿಯನ್ನು ಟೋನಿ ಎಂಬ ತಂತ್ರಾಂಶದಲ್ಲಿ ತೆರೆಯುತ್ತೇನೆ. ಅದು ಶ್ರುತಿಯನ್ನು ಬಳುಕುವ ಗೆರೆಯಾಗಿ ತೋರಿಸುತ್ತದೆ. ಗೆರೆ ಎಲ್ಲಿ ಸಮತಟ್ಟಾಗಿ ನಿಲ್ಲುತ್ತದೋ ಅದು ಸ್ವರ, ಎಲ್ಲಿ ಓರೆಯಾಗುತ್ತದೋ ಅದು ಮೀಂಡು. ಅನುಮಾನ ಬಂದಲ್ಲಿ ಶ್ರುತಿ ಕೆಡದಂತೆ ಗತಿಯನ್ನು ಅರ್ಧಕ್ಕಿಳಿಸಿ ಕೇಳಿಕೊಂಡು, ಭಾತಖಂಡೆ ಪದ್ಧತಿಯಲ್ಲಿ, ಎಂದರೆ ಕೋಮಲಕ್ಕೆ ಕೆಳಗೊಂದು ಗೆರೆ, ತೀವ್ರ ಮಧ್ಯಮಕ್ಕೆ ಮೇಲೊಂದು ಗೆರೆ, ಮೀಂಡಿಗೆ ಕಮಾನು ಹಾಕಿ, ಕೈಯಲ್ಲೇ ಬರೆಯುತ್ತೇನೆ.

ಐದು ನಿಮಿಷದ ಒಂದು ಹಾಡಿಗೆ ನನಗೆ ಎರಡು ಸಂಜೆ ಹಿಡಿಯುತ್ತವೆ. ಕ್ಯಾಸೆಟ್ ಇನ್ನೂ ತಮ್ಮ ಬಳಿ ಇದ್ದರೆ, ಇರುವ ಎಂಪಿ3ಯನ್ನು ಬಿಟ್ಟು ಅದನ್ನೇ ಮತ್ತೊಮ್ಮೆ, ಎಂಪಿ3ಯಂತೆ ಶಬ್ದವನ್ನು ಕುಗ್ಗಿಸದ ವೇವ್ ಫೈಲಾಗಿ ಇಳಿಸಿಕೊಂಡು ಶುರುಮಾಡಿರಿ.