ಹಳ್ಳದ ನೀರಿನ ಬಣ್ಣ ನೋಡಿ

ಪ್ರಶ್ನೆ: ಜುಲೈ ಕೊನೆಗೆ ನಾವು ಐದು ಜನ ಗೆಳತಿಯರು ಕೊಡಚಾದ್ರಿಗೆ ನಡೆದೇ ಹತ್ತಬೇಕು ಅಂತಿದ್ದೇವೆ. ಹಿಡ್ಲುಮನೆ ಜಲಪಾತದ ದಾರಿಯಲ್ಲೇ ಹೋಗುವ ಆಸೆ. ಇಂಬಳದ ಭಯ ಮಾತ್ರ ಜಾಸ್ತಿ. ಏನು ಮಾಡಬೇಕು?
– ಓದುಗರು, ತುಮಕೂರು

ಉತ್ತರ: ಇಂಬಳಕ್ಕೆ ಹೆದರಬೇಡಿ. ನಾನು ಹೊಸನಗರದ ಕಡೆಯವಳು, ಚಿಕ್ಕಂದಿನಿಂದ ಅವಕ್ಕೆ ರಕ್ತ ಕೊಟ್ಟೇ ಬೆಳೆದವಳು. ಕಾಲಿಗೆ ಉಪ್ಪು ಸವರಿದರೆ ಮೊದಲ ಮಳೆಗೇ ತೊಳೆದುಹೋಗುತ್ತದೆ. ಬಟ್ಟೆಯಲ್ಲಿ ಉಪ್ಪು, ಹೊಗೆಸೊಪ್ಪು ಗಂಟು ಕಟ್ಟಿ ಕೋಲಿನ ತುದಿಗೆ ಬಿಗಿಯಿರಿ. ಕಚ್ಚಿದಲ್ಲಿ ಅದನ್ನು ಮುಟ್ಟಿಸಿದರೆ ಸಾಕು, ಉದುರುತ್ತದೆ. ಆಮೇಲೂ ರಕ್ತ ಸೋರುತ್ತಲೇ ಇರುತ್ತದೆ, ಗಾಬರಿ ಬೇಡ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಜೊಲ್ಲಿನಲ್ಲಿದೆ. ತೊಳೆದು, ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ನಮ್ಮಜ್ಜಿ ಪೇಪರ್ ಚೂರು ಅಂಟಿಸಿ ಸುಮ್ನೆ ಕೂರಿಸುತ್ತಿದ್ದರು.

ಹೆದರಬೇಕಾದದ್ದು ಹಳ್ಳಕ್ಕೆ. ನೀವು ಹೇಳಿದ ದಾರಿ ನೀರಿನ ಪಕ್ಕದಲ್ಲೇ ಏರುತ್ತದೆ. ಒಂದು ವರ್ಷ ಆಗಸ್ಟಿನಲ್ಲಿ ನಾನೂ ತಮ್ಮನೂ ಅಲ್ಲಿಂದಲೇ ಹತ್ತಿದ್ದೆವು. ಬೆಳಿಗ್ಗೆ ದಾಟಿದ ಹಳ್ಳದ ನೀರು ಮೊಣಕಾಲಿನಷ್ಟು, ತಳದ ಕಲ್ಲು ಕಾಣುವಷ್ಟು ತಿಳಿ. ಮಧ್ಯಾಹ್ನ ಇಳಿದು ಬಂದರೆ ಅದೇ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು, ಎಲೆ ಕಡ್ಡಿ ತೇಲಿ ಬರುತ್ತಿತ್ತು. ನಮ್ಮ ತಲೆ ಮೇಲೆ ಒಂದು ಹನಿಯೂ ಇರಲಿಲ್ಲ! ಮಳೆ ಮೇಲಿನ ಗುಡ್ಡದಲ್ಲಿ ಹೊಡೆದಿತ್ತು. "ಇನ್ನೂ ಸೊಂಟದಷ್ಟೇ ಇದೆ ಅಕ್ಕ, ದಾಟಿಬಿಡೋಣ" ಅಂದ ತಮ್ಮ. ನಾನು ಬಿಡಲಿಲ್ಲ. ಅರ್ಧ ಗಂಟೆಯಲ್ಲಿ ನಾವು ಕೂತಿದ್ದ ಕಲ್ಲೂ ಮುಳುಗಿತು. ಬೈದುಕೊಳ್ಳುತ್ತಾ ಮತ್ತೆ ಮೇಲೆ ಹತ್ತಿ, ಜೀಪ್ ರಸ್ತೆ ಹಿಡಿದು ಇಳಿಯುವಾಗ ಕತ್ತಲಾಗಿತ್ತು. ತಮ್ಮ ದಾರಿಯುದ್ದಕ್ಕೂ ನನ್ನ ಜೊತೆ ಮಾತಾಡಲಿಲ್ಲ.

ಹಾಗಾಗಿ ಜುಲೈಗೆ ಜಲಪಾತದ ದಾರಿ ಬಿಡಿ, ಜೀಪ್ ರಸ್ತೆಯಲ್ಲೇ ನಡೆಯಿರಿ. ಇದು ಮೂಕಾಂಬಿಕಾ ವನ್ಯಜೀವಿಧಾಮದ ಕಾಡು. ಮಳೆ ಜೋರಾದರೆ ಅರಣ್ಯ ಇಲಾಖೆಯವರು ಚಾರಣ ನಿಲ್ಲಿಸುವುದುಂಟು. ತುಮಕೂರು ಬಿಡುವ ಮೊದಲೇ ವಿಚಾರಿಸಿ. ಜೀನ್ಸ್ ಬೇಡ, ನೆಂದರೆ ಮಣಭಾರ. ಕೊಡೆಯೂ ಬೇಡ. ತುದಿ 1343 ಮೀಟರ್ ಎತ್ತರದಲ್ಲಿದೆ, ಸರ್ವಜ್ಞ ಪೀಠದ ಹತ್ತಿರ ಬೀಸುವ ಗಾಳಿಗೆ ನನ್ನ ಎರಡು ಕೊಡೆ ಹೋಗಿವೆ. ಮಧ್ಯಾಹ್ನ ಎರಡಕ್ಕೆಲ್ಲ ಇಳಿಯಲು ಶುರುಮಾಡಿ, ಮಂಜು ಮುಸುಕಿದರೆ ಪಕ್ಕದವರೂ ಕಾಣುವುದಿಲ್ಲ.

ಪ್ರಶ್ನೆ: ಇಳಿಜಾರಿನಲ್ಲಿ ಜಾರುವಾಗ ಗಿಡ ಹಿಡಿದುಕೊಳ್ಳಬಹುದಲ್ವಾ?
– ಓದುಗರು, ಹಾಸನ

ಉತ್ತರ: ಹಿಡಿಯಬಹುದು, ಮೊದಲು ನೋಡಿ ಹಿಡಿಯಿರಿ. ಮಳೆಗಾಲದಲ್ಲಿ ಮಲಬಾರ್ ಗುಳಿಮಂಡಲ ಹಾವು ಹಳ್ಳದ ಬದಿಯ ಗಿಡಗಳಲ್ಲಿ, ಕೈಗೆ ಸಿಗುವ ಎತ್ತರದಲ್ಲೇ ಸುರುಳಿ ಸುತ್ತಿ ಕೂತಿರುತ್ತದೆ. ಹಸಿರು, ಕಂದು, ಹಳದಿ, ಯಾವ ಬಣ್ಣದ್ದೂ ಇರಬಹುದು. ಅದು ತಾನಾಗಿ ಮೇಲೆ ಬೀಳುವುದಿಲ್ಲ, ಎಲೆಯಂತೆ ಸುಮ್ನೆ ಇರುತ್ತದೆ. ತೊಂದರೆ ಅದೇ. ನಾನಂತೂ ಗಿಡಕ್ಕಿಂತ ಕೋಲನ್ನೇ ನಂಬುತ್ತೇನೆ. ತೀರಾ ಜಾರಿದರೆ ಕೂತುಕೊಂಡೇ ಇಳಿಯುತ್ತೇನೆ. ಪ್ಯಾಂಟ್ ಕೆಸರಾದರೆ ಒಗೆದರಾಯಿತು.